ಮೊಂಡು ಕೊಂಬಿನ ಬಸವ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ನಾನು 2003-04ನೇ ಸಾಲಿನಲ್ಲಿ ಇಲ್ಲಿಂದ ಎಸ್.ಎಸ್.ಎಲ್.ಸಿ. ಮುಗಿಸಿದವನು. ಆಮೇಲೆ ಪಿಯುಸಿ, ಬಿ.ಇ. ಓದಿ ಹದಿನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಸಮಿತಿಯವರು ಫೋನ್ ಮಾಡಿ, "ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ, ಮುಂದಿನ ಓದಿನ ಬಗ್ಗೆ ಎರಡು ಮಾತು ಹೇಳಪ್ಪಾ" ಅಂದರು. ಅದನ್ನು ಹೇಳುವವರು ನಿಮಗೆ ಬೇಕಾದಷ್ಟು ಜನ ಸಿಗುತ್ತಾರೆ. ನಾನು ಇವತ್ತು ಒಂದು ಎತ್ತಿನ ಬಗ್ಗೆ ಮಾತಾಡುತ್ತೇನೆ. ಸಮಿತಿಯವರು ಕ್ಷಮಿಸಬೇಕು. ಕೊನೆಗೆ ಶಾಲೆಯ ವಿಷಯಕ್ಕೇ ಬರುತ್ತೇನೆ.

ಹೋದ ವರ್ಷ ಒಂದು ಭಾನುವಾರ, ಎರಡನೇ ಕ್ಲಾಸಿನಲ್ಲಿ ಓದುವ ನನ್ನ ಮಗಳು ಡ್ರಾಯಿಂಗ್ ಪುಸ್ತಕ ಹಿಡಿದುಕೊಂಡು ಬಂದಳು. "ಅಪ್ಪಾ, ತಾತನ ಮನೆಯಲ್ಲಿ ಮೊದಲು ಎತ್ತು ಇತ್ತಂತಲ್ಲ. ಹೇಗಿತ್ತು, ಬರೆದು ತೋರಿಸು" ಅಂದಳು. ಪೆನ್ಸಿಲ್ ತೆಗೆದುಕೊಂಡೆ. ನಾಲ್ಕು ಕಾಲು ಬರೆದೆ, ಬೆನ್ನು ಬರೆದೆ, ಎರಡು ಕೊಂಬು ಇಟ್ಟೆ. ಅವಳು ನೋಡಿ, "ಇದು ಹಸುವಾ, ನಾಯಿಯಾ?" ಅಂದಳು. ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ರಾತ್ರಿ ಮಲಗಿದಾಗ ಅದೇ ನೆನಪಿಗೆ ಬಂತು. ಏಳು ವರ್ಷ ದಿನಾ ಮೈ ತೊಳೆದು, ಹುಲ್ಲು ಹಾಕಿ, ಹಗ್ಗ ಹಿಡಿದು ಓಡಾಡಿಸಿದ ಎತ್ತು. ಅದರ ಹಿಣಿಲು ಎಲ್ಲಿ ಎದ್ದು ಎಲ್ಲಿ ಇಳಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಇಲ್ಲಿ ಕುಳಿತಿರುವ ಹಿರಿಯರಿಗೆ ನಮ್ಮ ಮನೆಯ ಜೋಡಿ ನೆನಪಿರಬಹುದು. ರಾಜ, ಬಸವ ಅಂತ ಹೆಸರು. ಹಳ್ಳಿಕಾರ್ ತಳಿ. 1999ರಲ್ಲಿ ಅಪ್ಪ ಸಿದ್ಧಗಂಗೆ ಜಾತ್ರೆಯಲ್ಲಿ ಎರಡು ಹಲ್ಲಿನ ಹೋರಿಗಳನ್ನು ಕಟ್ಟಿಕೊಂಡು ಬಂದಿದ್ದರು. ರಾಗಿ ಹೊಲದಲ್ಲಿ ಕುಂಟೆ, ಕೂರಿಗೆ ಎಲ್ಲಾ ಅವುಗಳದ್ದೇ. ಸಂಕ್ರಾಂತಿಯಲ್ಲಿ ಕಿಚ್ಚು ಹಾಯುವಾಗ ಬಸವ ಯಾವತ್ತೂ ಮುಂದೆ, ರಾಜ ಅವನ ಹಿಂದೆ. 2006ರಲ್ಲಿ ನನಗೆ ಸಿಇಟಿಯಲ್ಲಿ ಸೀಟು ಸಿಕ್ಕಿತು. ಕಾಲೇಜಿನ ಫೀಸು, ಹಾಸ್ಟೆಲ್ಲು, ಪುಸ್ತಕ ಎಲ್ಲಾ ಲೆಕ್ಕ ಹಾಕಿದ ಅಪ್ಪ ಜೋಡಿಯನ್ನು 26 ಸಾವಿರಕ್ಕೆ ಮಾರಿದರು. ಕೊಂಡವರ ಟೆಂಪೋ ಹತ್ತಲು ಬಸವ ಒಪ್ಪಲಿಲ್ಲ. "ನೀನು ಹುಲ್ಲು ಹಿಡಿದುಕೊಂಡು ಮುಂದೆ ಹೋಗೋ, ನಿನ್ನ ಹಿಂದೆ ಬರ್ತಾನೆ" ಅಂದರು ಅಪ್ಪ. ಹೋದೆ. ಬಂದ.

ಹಾಸ್ಟೆಲ್ಲಿನಲ್ಲಿ ಯಾರೋ ನಿಮ್ಮ ಮನೆಯಲ್ಲಿ ಎತ್ತು ಇದೆಯಾ ಅಂತ ಕೇಳಿದಾಗ, "ಇಲ್ಲ, ನಮ್ಮದು ಟ್ರಾಕ್ಟರ್" ಎಂದು ಸುಳ್ಳು ಹೇಳಿದ್ದೆ. ಟ್ರಾಕ್ಟರ್ ನಮ್ಮದಲ್ಲ, ಗಂಟೆ ಲೆಕ್ಕದ ಬಾಡಿಗೆಗೆ ಕರೆಸುತ್ತಿದ್ದದ್ದು. ಈ ಮಾತನ್ನು ಇವತ್ತೇ ಮೊದಲು ಹೇಳುತ್ತಿರುವುದು, ಅದೂ ಅಪ್ಪನ ಎದುರಿಗೆ. ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ.

ಆ ಜೋಡಿಯ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಆಗ ಕ್ಯಾಮೆರಾ ಮೊಬೈಲ್ ಯಾರ ಹತ್ತಿರವೂ ಇರಲಿಲ್ಲ. ಫೋಟೋ ತೆಗೆಸಿದರೆ ಮನುಷ್ಯರದ್ದು, ಅದೂ ಮದುವೆಯಲ್ಲಿ. ಹಾಗಾಗಿ ಮಗಳಿಗೆ ತೋರಿಸಬೇಕೆಂದರೆ ನಾನೇ ಬರೆಯಬೇಕಿತ್ತು. ನನ್ನ ಕೈಗೆ ಚಿತ್ರ ಒಲಿಯದು. ಗೊತ್ತಿದ್ದದ್ದು ಒಂದೇ ವಿದ್ಯೆ, ಈ ಶಾಲೆಯಲ್ಲಿ ಕಲಿತದ್ದು: ಬೆಂಡೆಕಾಯಿ ಅಚ್ಚು.

ಎಂಟನೇ ಕ್ಲಾಸಿನಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟ್ರು ಒಂದು ಶನಿವಾರ ಬೆಂಡೆಕಾಯಿ, ಆಲೂಗೆಡ್ಡೆ ತರಲು ಹೇಳಿದ್ದರು. ಅರ್ಧ ಕ್ಲಾಸು ಅಡುಗೆ ಮನೆಯಿಂದ ಕದ್ದು ತಂದಿತ್ತು. ಬೆಂಡೆಕಾಯಿ ಅಡ್ಡಕ್ಕೆ ಕತ್ತರಿಸಿ ಬಣ್ಣಕ್ಕೆ ಅದ್ದಿ ಒತ್ತಿದರೆ ಹೂವು. ಆಲೂಗೆಡ್ಡೆಯನ್ನು ಅರ್ಧ ಮಾಡಿ ಬ್ಲೇಡಿನಿಂದ ನಮ್ಮ ಹೆಸರಿನ ಮೊದಲ ಅಕ್ಷರ ಉಳಿಯುವ ಹಾಗೆ ಸುತ್ತ ಕೆತ್ತಬೇಕು. ಎಲ್ಲರ ಅಕ್ಷರವೂ ತಿರುಗುಮುರುಗಾಗಿ ಬಿತ್ತು. ನಮ್ಮ ತಂಡದ ಜಾಣನೊಬ್ಬ ಸುಮ್ಮನೆ ಒಂದು ಸೊನ್ನೆ ಕೆತ್ತಿ, "ಸಾರ್, ನಂದು ಮಾತ್ರ ಸರಿಯಾಗಿ ಬಂದಿದೆ" ಅಂದ. ಮೇಷ್ಟ್ರು ಅವನ ತಲೆಗೆ ಮೊಟಕಿ, ನಮಗೆಲ್ಲ ಒಂದು ಮಾತು ಹೇಳಿದರು: "ಕೆತ್ತಿದ್ದು ಕಾಗದಕ್ಕೆ ಬರಲ್ಲ, ಬಿಟ್ಟದ್ದು ಬರುತ್ತೆ. ಅದಕ್ಕೇ ಏನು ಬಿಡಬೇಕು ಅಂತ ಮೊದಲು ಯೋಚನೆ ಮಾಡಿ."

ಉಬ್ಬಚ್ಚಿನ ಗುಟ್ಟು ಅಷ್ಟೇ. ಹಲಗೆಯಲ್ಲಿ ಬೇಡದ ಜಾಗವನ್ನು ಕೆತ್ತಿ ತೆಗೆಯುತ್ತೀರಿ. ಉಬ್ಬಿ ನಿಂತ ಜಾಗಕ್ಕೆ ಶಾಯಿ ಹತ್ತುತ್ತದೆ, ತಗ್ಗಿಗೆ ಹತ್ತುವುದಿಲ್ಲ. ಮೇಲೆ ಕಾಗದ ಇಟ್ಟು ಉಜ್ಜಿದರೆ ಚಿತ್ರ. ಮೊದಲು ನಮ್ಮೂರಿನ ಮದುವೆ ಪತ್ರಿಕೆಗಳನ್ನು ಅಚ್ಚುಮೊಳೆ ಜೋಡಿಸಿ ಮುದ್ರಿಸುತ್ತಿದ್ದರಲ್ಲ, ಅದೂ ಇದೇ ವಿಧಾನ. ಮೊಳೆ ಜೋಡಿಸುವವರು ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿಯೇ ಓದುವುದನ್ನು ಅಭ್ಯಾಸ ಮಾಡಿಕೊಂಡಿರುತ್ತಿದ್ದರು.

ನಾನು ಆರಿಸಿಕೊಂಡದ್ದು ಲಿನೋ. ಬೆಂಗಳೂರಿನಲ್ಲಿ ಚಿತ್ರಕಲೆ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಲಿನೋಲಿಯಮ್ ಎಂದರೆ ಮೂಲದಲ್ಲಿ ನೆಲಕ್ಕೆ ಹಾಸುವ ಹಾಳೆ. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಎಂಬುವವರು ಅಗಸೆ ಎಣ್ಣೆಯನ್ನು ಗಟ್ಟಿಯಾಗಿಸಿ, ಬಿರಡೆ ಮರದ ತೊಗಟೆಯ ಪುಡಿ ಸೇರಿಸಿ, ಬಟ್ಟೆಯ ಮೇಲೆ ಹರಡಿ ಮಾಡಿದರು. ನಾವು ಚಟ್ನಿಪುಡಿ ಮಾಡುವ ಅದೇ ಅಗಸೆ. ಆಮೇಲೆ ಕಲಾವಿದರು ಅದನ್ನು ಕೆತ್ತಲು ಶುರು ಮಾಡಿದರು. ಮರದ ಹಾಗೆ ಅದಕ್ಕೆ ಎಳೆ ಇಲ್ಲ, ಉಳಿ ಯಾವ ದಿಕ್ಕಿಗಾದರೂ ಹೋಗುತ್ತದೆ. ಬಡವರ ಮನೆಗೂ ಶಾಲೆಗೂ ಎಟುಕುವ ಕಲೆ ಅದು. ನಂದಲಾಲ್ ಬೋಸ್ 1930ರಲ್ಲಿ ದಂಡಿಗೆ ನಡೆದು ಹೊರಟ ಗಾಂಧೀಜಿಯವರನ್ನು ಕೆತ್ತಿದ್ದು ಲಿನೋದಲ್ಲೇ. ಕೋಲು ಹಿಡಿದು ಮುಂದೆ ಬಾಗಿ ನಡೆಯುವ ಬಾಪೂಜಿ, ಸುತ್ತ ಪೂರ್ತಿ ಕಪ್ಪು, ಮೈಯೆಲ್ಲಾ ಕೆಲವೇ ಬಿಳಿ ಗೆರೆ. ರವೀಂದ್ರನಾಥ ಠಾಕೂರರು ಬಂಗಾಳಿ ಮಕ್ಕಳಿಗಾಗಿ ಬರೆದ ಅಕ್ಷರಪಾಠದ ಪುಸ್ತಕ 'ಸಹಜ ಪಾಠ'ಕ್ಕೂ ಅವರೇ ಲಿನೋ ಚಿತ್ರಗಳನ್ನು ಮಾಡಿಕೊಟ್ಟರು.

ಸರಿ, ನನ್ನ ಕಥೆಗೆ ಬರುತ್ತೇನೆ. ಅಂಗೈ ಅಗಲದ ಎರಡರಷ್ಟು ಲಿನೋ ತುಂಡು, ವಿ ಆಕಾರದ ಒಂದು ಉಳಿ, ಯು ಆಕಾರದ ಒಂದು ಉಳಿ, ಒಂದು ರೋಲರ್, ಕಪ್ಪು ಶಾಯಿ ತಂದೆ. ಇಂಟರ್ನೆಟ್ಟಿನಲ್ಲಿ ಒಂದು ಹಳ್ಳಿಕಾರ್ ಎತ್ತಿನ ಫೋಟೋ ಹುಡುಕಿ, ಅದನ್ನು ನೋಡಿ ಬರೆದುಕೊಂಡು ಕೆತ್ತಿದೆ. ಚಳಿಗೆ ಲಿನೋ ಗಟ್ಟಿಯಾಗುತ್ತದೆ, ಬಿಸಿಲಿಗಿಟ್ಟರೆ ಬೆಣ್ಣೆ ಬಿಟ್ಟ ಹಾಗೆ ಬಿಡುತ್ತದೆ ಎಂಬುದನ್ನು ಕಲಿಯುವ ಮೊದಲೇ ಹೆಬ್ಬೆರಳು ಕೊಯ್ದುಕೊಂಡೆ. ಮಕ್ಕಳೇ, ಉಳಿಯ ಮುಂದೆ ಯಾವತ್ತೂ ಕೈ ಇಡಬೇಡಿ. ಹಿಡಿದ ಕೈ ಉಳಿಯ ಹಿಂದೆ ಇರಬೇಕು.

ಇನ್ನೊಂದು ಸಂಗತಿ ನನ್ನಂಥವನಿಗೆ ಕಷ್ಟವಾದದ್ದು. ನಮ್ಮ ಕೆಲಸದಲ್ಲಿ ತಪ್ಪಾದರೆ ಕಂಟ್ರೋಲ್ ಝಡ್ ಒತ್ತುತ್ತೇವೆ, ಹಿಂದಿನ ಸ್ಥಿತಿಗೆ ಬರುತ್ತದೆ. ಹದಿನಾಲ್ಕು ವರ್ಷ ಹಾಗೇ ಬದುಕಿ ಅಭ್ಯಾಸ. ಲಿನೋದಲ್ಲಿ ಕೆತ್ತಿ ತೆಗೆದ ಸಿಬಿರು ವಾಪಸ್ಸು ಕೂರುವುದಿಲ್ಲ. ಎತ್ತಿನ ಕಣ್ಣಿನ ಹತ್ತಿರ ಉಳಿ ಜಾರಿ ಒಂದು ಗೆರೆ ಹೆಚ್ಚು ಬಿತ್ತು. ಆ ಗೆರೆ ಹಾಗೇ ಉಳಿಯಿತು.

ಶಾಯಿಯನ್ನು ಗಾಜಿನ ಮೇಲೆ ಹಾಕಿ ರೋಲರಿನಿಂದ ಹರಡಬೇಕು. ಹದಕ್ಕೆ ಬಂದಾಗ ರೋಲರಿನ ಕೆಳಗೆ ಒಗ್ಗರಣೆ ಸಣ್ಣಗೆ ಚಟಗುಟ್ಟಿದ ಹಾಗೆ ಸದ್ದು ಬರುತ್ತದೆ. ಶಾಯಿ ಬಳಿದು, ಕಾಗದ ಇಟ್ಟು, ಸೌಟಿನ ಬೆನ್ನಿನಿಂದ ಉಜ್ಜಿ, ಒಂದು ಮೂಲೆಯಿಂದ ಕಾಗದ ಎತ್ತಿದೆ. ಎತ್ತು ಬಂದಿತ್ತು. ಮಗಳು ಚಪ್ಪಾಳೆ ಹೊಡೆದಳು. ನಾನು ಹೆಮ್ಮೆಯಿಂದ ಮುಂದಿನ ವಾರವೇ ಅದನ್ನು ಊರಿಗೆ ತಂದು ಅಪ್ಪನ ಕೈಗೆ ಕೊಟ್ಟೆ.

ಅಪ್ಪ ಕನ್ನಡಕ ಹಾಕಿಕೊಂಡು, ಬಾಗಿಲ ಬೆಳಕಿಗೆ ಹಿಡಿದು ನೋಡಿದರು. "ಚೆನ್ನಾಗಿದೆ" ಅಂದರು. ಆಮೇಲೆ ಕೇಳಿದರು: "ಯಾರ ಎತ್ತಪ್ಪಾ ಇದು?"

ನಮ್ಮ ಬಸವ ಎನ್ನಲು ನನಗೆ ಬಾಯಿ ಬರಲಿಲ್ಲ.

ಇಲ್ಲಿ ಒಂದು ಹಳೆಯ ಕಥೆ ಹೇಳಲೇಬೇಕು, ಏಕೆಂದರೆ ಆಗ ನನಗೆ ನೆನಪಾದದ್ದು ಅದೇ. ಮಕ್ಕಳೇ, 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವಾ ಗೆದ್ದುಕೊಂಡ ಎಂದು ಇತಿಹಾಸದಲ್ಲಿ ಓದುತ್ತೀರಿ. ಅದೇ ಅಲ್ಬುಕರ್ಕ್ ದಿಯುವಿನಲ್ಲಿ ಕೋಟೆ ಕಟ್ಟಲು ಅನುಮತಿ ಕೇಳಿ ಗುಜರಾತಿನ ಸುಲ್ತಾನ ಮುಜಫರ್ ಷಾನ ಬಳಿಗೆ ದೂತರನ್ನು ಕಳಿಸಿದ. ಸುಲ್ತಾನ ಅನುಮತಿ ಕೊಡಲಿಲ್ಲ. ಬರಿಗೈಲಿ ಕಳಿಸಬಾರದೆಂದು ಉಡುಗೊರೆಗಳನ್ನು ಕೊಟ್ಟ. ಅದರಲ್ಲಿ ಒಂದು ಜೀವಂತ ಘೇಂಡಾಮೃಗ ಇತ್ತು. ಅಲ್ಬುಕರ್ಕ್ ಅದನ್ನು 1515ರ ಜನವರಿಯಲ್ಲಿ ಗೋವಾದಿಂದ ಹಡಗು ಹತ್ತಿಸಿ ತನ್ನ ದೊರೆ ಮ್ಯಾನುಯೆಲ್‌ನಿಗೆ ಕಳಿಸಿದ. ಮೇ 20ರಂದು ಅದು ಲಿಸ್ಬನ್ ಮುಟ್ಟಿತು. ಅಲ್ಲಿ ಆನೆಗೂ ಅದಕ್ಕೂ ಕಾದಾಟ ಏರ್ಪಡಿಸಿದರೆ ಆನೆ ಓಡಿಹೋಯಿತಂತೆ. ಇಡೀ ಯುರೋಪಿನಲ್ಲಿ ಇದೇ ಮಾತು. ಯಾರೋ ಅದರ ಒಂದು ರೇಖಾಚಿತ್ರ ಬರೆದು, ವಿವರಣೆಯ ಕಾಗದದ ಜೊತೆ ಕಳಿಸಿದ್ದು ಜರ್ಮನಿಯ ನ್ಯೂರೆಂಬರ್ಗಿಗೆ ಮುಟ್ಟಿತು.

ಆ ಊರಿನಲ್ಲಿ ಆಲ್ಬ್ರೆಕ್ಟ್ ಡ್ಯೂರರ್ ಎಂಬ ದೊಡ್ಡ ಕಲಾವಿದ ಇದ್ದ. ಅವನು ಪ್ರಾಣಿಯನ್ನು ಕಣ್ಣಾರೆ ನೋಡಲಿಲ್ಲ. ಆ ಕಾಗದ, ಆ ಚಿತ್ರ ನೋಡಿಕೊಂಡೇ ಅದೇ ವರ್ಷ ಮರದ ಅಚ್ಚಿನ ಘೇಂಡಾಮೃಗ ಹೊರತಂದ. ಅದ್ಭುತ ಚಿತ್ರ. ಆದರೆ ಮೈಮೇಲಿನ ಚರ್ಮದ ಮಡಿಕೆಗಳು ಯೋಧನ ಉಕ್ಕಿನ ಕವಚದ ಹಾಗಿವೆ. ಕಾಲುಗಳ ಮೇಲೆ ಹುರುಪೆ. ಹೆಗಲ ಮೇಲೆ ಇನ್ನೊಂದು ಪುಟ್ಟ ಸುರುಳಿ ಕೊಂಬು! ನಮ್ಮ ದೇಶದ ಘೇಂಡಾಮೃಗಕ್ಕೆ ಮೂಗಿನ ಮೇಲೆ ಒಂದೇ ಕೊಂಬು ಎಂದು ಕಾಜಿರಂಗಾದ ಚಿತ್ರ ನೋಡಿದ ನಿಮಗೆಲ್ಲ ಗೊತ್ತು. ಚಿತ್ರದ ಮೇಲೆ ಅಚ್ಚಾದ ಬರಹದಲ್ಲಿ ಪ್ರಾಣಿ ಬಂದ ವರ್ಷವೂ ತಪ್ಪು, 1513 ಎಂದಿದೆ. ಆದರೂ ಅಚ್ಚು ಎಂದರೆ ನೂರಾರು, ಸಾವಿರಾರು ಪ್ರತಿ. ಕೈಯಿಂದ ಕೈಗೆ, ಪುಸ್ತಕದಿಂದ ಪುಸ್ತಕಕ್ಕೆ ಆ ಹೆಗಲ ಕೊಂಬು ಹೋಯಿತು. ಎರಡು ಶತಮಾನಕ್ಕೂ ಹೆಚ್ಚು ಕಾಲ ಯುರೋಪಿನವರು ಘೇಂಡಾಮೃಗ ಎಂದರೆ ಹಾಗೇ ಇರುತ್ತದೆ ಎಂದು ನಂಬಿದ್ದರು. ಪಾಪ, ಆ ಪ್ರಾಣಿ ಮಾತ್ರ ಒಂದು ವರ್ಷವೂ ಬದುಕಲಿಲ್ಲ. ದೊರೆ ಅದನ್ನು ಪೋಪರಿಗೆ ಉಡುಗೊರೆಯಾಗಿ ಮತ್ತೆ ಹಡಗು ಹತ್ತಿಸಿದ. 1516ರ ಆರಂಭದಲ್ಲಿ ಇಟಲಿಯ ಕರಾವಳಿಯಲ್ಲಿ ಹಡಗು ಮುಳುಗಿತು.

ಡ್ಯೂರರ್‌ನನ್ನು ನಾನು ದೂರುವುದಿಲ್ಲ. ಅವನಿಗೆ ನೋಡಲು ಅವಕಾಶವೇ ಇರಲಿಲ್ಲ. ನನಗೆ ಏಳು ವರ್ಷ ಇತ್ತು. ನಾನು ಕೆತ್ತಿದ್ದೂ ನೋಡದೇ ಇದ್ದ ಎತ್ತನ್ನೇ, ಯಾರೋ ಯಾವುದೋ ಊರಿನಲ್ಲಿ ಫೋಟೋ ತೆಗೆದದ್ದನ್ನು. ಆದರೆ ಡ್ಯೂರರ್‌ಗೆ ಇಲ್ಲದ ಒಂದು ಅನುಕೂಲ ನನಗಿತ್ತು. ನನಗೆ ಕಾಗದ ಬರೆಯಬಲ್ಲ, ಅಂದರೆ ಫೋನಿನಲ್ಲಿ ಹೇಳಬಲ್ಲ, ಕಣ್ಣಾರೆ ಕಂಡ ಸಾಕ್ಷಿ ಇದ್ದರು.

ನಮ್ಮಪ್ಪ ಫೋನಿನಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ಮಾತಾಡುವವರಲ್ಲ. ಊಟ ಆಯ್ತಾ, ಮಗು ಚೆನ್ನಾಗಿದೆಯಾ, ಇಲ್ಲಿ ಮಳೆ ಇಲ್ಲ, ಇಡ್ತೀನಿ. ಅವತ್ತು ನಾನು, "ಅಪ್ಪಾ, ಬಸವ ಹೇಗಿದ್ದ ಹೇಳು, ಬರೆದುಕೊಳ್ತೀನಿ" ಅಂದೆ. ಮೊದಲು ಸುಮ್ಮನಾದರು. ಆಮೇಲೆ ಶುರು ಮಾಡಿದರು. ನಲವತ್ತು ನಿಮಿಷ.

ಕೊಂಬು ಬುಡದಲ್ಲಿ ಎರಡೂ ಹತ್ತಿರ ಹತ್ತಿರ, ನಡುವೆ ಎರಡು ಬೆರಳು ಹಿಡಿಯುವಷ್ಟು ಜಾಗ. ಅಲ್ಲಿಂದ ನೆಟ್ಟಗೆ ಹಿಂದಕ್ಕೆ ಹೋಗಿ, ಅರ್ಧಕ್ಕೆ ಬಂದ ಮೇಲೆ ನಿಧಾನ ಮುಂದಕ್ಕೆ ಬಾಗಿದ್ದವು. ಮುಖ ಉದ್ದ, ಹಣೆ ನಡುವೆ ಗೀರು ಎಳೆದ ಹಾಗೆ ಸಣ್ಣ ತಗ್ಗು. ಹಣೆಯ ಮೇಲೆ ಒಂದೇ ಸುಳಿ. ಮೈ ಬೂದಿ ಬಣ್ಣ, ಹೆಗಲು ಮತ್ತು ತೊಡೆಯ ಹತ್ತಿರ ಮೋಡ ಕಟ್ಟಿದ ಹಾಗೆ ಕಪ್ಪು. ಗಂಗೆದೊಗಲು ತೆಳ್ಳಗೆ, ಜೋತು ಬಿದ್ದದ್ದಲ್ಲ. ನಿಂತರೆ ಹಿಂದಿನ ಎಡಗಾಲು ಸ್ವಲ್ಪ ಮುಂದಿಟ್ಟು ನಿಲ್ಲುತ್ತಿದ್ದ, ಅದು ಅವನ ಅಭ್ಯಾಸ. ನೊಗ ಇಡುವ ಜಾಗ ಕಾಯಿಗಟ್ಟಿ ಕೂದಲು ಇರಲಿಲ್ಲ. "ಬಲಗೊಂಬಿನ ತುದಿ ಮೊಂಡು" ಅಂದರು ಕೊನೆಗೆ.

ನನಗೆ ಆಗ ನೆನಪಾಯಿತು. ಹೌದು, ಬಲಗೊಂಬಿನ ತುದಿ ಮುರಿದಿತ್ತು. ಸಂಕ್ರಾಂತಿಗೆ ಎಡಗೊಂಬಿಗೆ ಮಾತ್ರ ಹಿತ್ತಾಳೆಯ ಅಣಸು ಹಾಕಿ, ಬಲಗೊಂಬಿಗೆ ಹೂವು ಸುತ್ತುತ್ತಿದ್ದೆವು. "ಪಕ್ಕದ ಹೊಲದವರ ಎತ್ತಿನ ಜೊತೆ ಕಾದಾಡಿ ಮುರಿದುಕೊಂಡನಲ್ಲ" ಅಂದೆ.

ಅಪ್ಪ ಅಂದರು: "ಕಾದಾಡಿದ್ದೂ ಇಲ್ಲ ಏನೂ ಇಲ್ಲ ಕಣೋ. ಅವತ್ತು ರಾತ್ರಿ ಕಟ್ಟಿದವನು ನೀನು. ಹಗ್ಗ ಉದ್ದ ಬಿಟ್ಟಿದ್ದೆ. ಗೊಂತಿನ ಕಲ್ಲಿನ ಸಂದಿಗೆ ಕೊಂಬು ಸಿಕ್ಕಿಸಿಕೊಂಡು ಎಳೆದಾಡಿದ್ದಾನೆ. ಬೆಳಿಗ್ಗೆ ನೋಡ್ತೀನಿ, ರಕ್ತ. ಅರಿಸಿನ ಮೆತ್ತಿ ಬಟ್ಟೆ ಕಟ್ಟಿದೆ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ಅವತ್ತು ನಿನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಇತ್ತಲ್ಲೋ. ಗಣಿತ."

ನಾನು ಏನೂ ಹೇಳಲಿಲ್ಲ. ಅಪ್ಪನೇ ನಕ್ಕು, "ಮಾರುವಾಗ ಆ ಮೊಂಡು ಕೊಂಬಿಗೆ ದಲ್ಲಾಳಿ ಟವೆಲ್ ಕೆಳಗೆ ನನ್ನ ಎರಡು ಬೆರಳು ಮಡಿಸಿದ. ಎರಡು ಸಾವಿರ ಹೋಯ್ತು. ಹೋಗಲಿ ಬಿಡು, ಗಣಿತದಲ್ಲಿ ಒಳ್ಳೆ ನಂಬರು ಬಂತಲ್ಲ" ಅಂದರು.

ಗಣಿತದಲ್ಲಿ ನನಗೆ ಬಂದ ಅಂಕವನ್ನು ಈ ಶಾಲೆಯ ಬೋರ್ಡಿನ ಮೇಲೆ ಬರೆದಿದ್ದರು. ಇಪ್ಪತ್ತು ವರ್ಷ ಆ ಅಂಕ ನನ್ನದೇ ಎಂದುಕೊಂಡಿದ್ದೆ.

ಆ ರಾತ್ರಿ ಅಪ್ಪ ಹೇಳಿದಂತೆ ಹೊಸದಾಗಿ ಬರೆದೆ. ಈ ಸಲ ಮುಖ ಸ್ವಲ್ಪ ನಮ್ಮ ಕಡೆ ತಿರುಗಿಸಿ, ಎರಡೂ ಕೊಂಬು ಕಾಣುವ ಹಾಗೆ ಮಾಡಿದೆ. ಮೊದಲ ಅಚ್ಚಿನಲ್ಲಿ ಒಂದು ವಾರದಲ್ಲಿ ಕೆತ್ತಿದ್ದೆ, ಇದಕ್ಕೆ ಆರು ವಾರ ಹಿಡಿಯಿತು. ಯಾವುದು ಕಪ್ಪು, ಯಾವುದು ಬಿಳಿ ಎಂದು ಪ್ರತಿ ಗೆರೆಗೂ ಯೋಚಿಸಬೇಕು. ಬೂದಿ ಬಣ್ಣ ಎಂಬುದು ಈ ಅಚ್ಚಿನಲ್ಲಿ ಇಲ್ಲ. ಶಾಯಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಬಸವನ ಬೂದಿ ಮೈ ಬರಬೇಕೆಂದರೆ ಒತ್ತೊತ್ತಾಗಿ ಸಣ್ಣ ಬಿಳಿ ಗೆರೆ ಕೆತ್ತಬೇಕು. ಹೆಗಲ ಹತ್ತಿರ ಗೆರೆ ಕಡಿಮೆ ಮಾಡುತ್ತಾ ಹೋದರೆ ಮೋಡ ಕವಿಯುತ್ತದೆ. ಕೂದಲು ಎತ್ತ ಮಲಗಿತ್ತೋ ಗೆರೆಯೂ ಅತ್ತ ಹೋಗಬೇಕು. ಮೈ ತೊಳೆಯುವಾಗ ಕೈ ಯಾವ ಕಡೆ ಸರಾಗ ಹೋಗುತ್ತಿತ್ತು, ಯಾವ ಕಡೆ ಒರಟಾಗುತ್ತಿತ್ತು ಎಂದು ಕೆತ್ತುತ್ತಾ ಕೆತ್ತುತ್ತಾ ಕೈಗೆ ನೆನಪು ಬಂತು. ತಲೆಯಲ್ಲಿ ಇಲ್ಲದ್ದು ಅಂಗೈಯಲ್ಲಿ ಉಳಿದಿತ್ತು.

ಯುಗಾದಿಗೆ ಊರಿಗೆ ಬಂದಾಗ ಎರಡನೇ ಅಚ್ಚು ಕೊಟ್ಟೆ. ಅಪ್ಪ ಮತ್ತೆ ಬಾಗಿಲಿಗೆ ಹೋದರು. ಈ ಸಲ ತುಂಬಾ ಹೊತ್ತು ನೋಡಿದರು. ಬೆರಳಿನಿಂದ ಹಣೆಯ ಸುಳಿ ಮುಟ್ಟಿದರು. ಆಮೇಲೆ ಅಂದರು: "ಬಸವನೇ. ಆದರೆ ನನ್ನ ಬಸವನಿಗೆ ಬಲಗೊಂಬು ಮೊಂಡು. ಇದಕ್ಕೆ ಎಡಗೊಂಬು ಮೊಂಡು."

ಎಂಟನೇ ಕ್ಲಾಸಿನ ಆಲೂಗೆಡ್ಡೆಯ ಪಾಠವನ್ನು ಇಪ್ಪತ್ತೆರಡು ವರ್ಷದ ಮೇಲೆ ಮರೆತಿದ್ದೆ. ಸರಿಯಾಗಿ ಬರೆದದ್ದನ್ನು ಸರಿಯಾಗಿಯೇ ಕೆತ್ತಿದ್ದೆ, ಕಾಗದದ ಮೇಲೆ ಅದು ತಿರುಗಿಬಿಟ್ಟಿತ್ತು. ಕಂಪ್ಯೂಟರಿನಲ್ಲಿ ಚಿತ್ರ ತಿರುಗಿಸಲು ಒಂದು ಗುಂಡಿ ಸಾಕು. ಲಿನೋದಲ್ಲಿ, ಮೊದಲು ತೆಳು ಕಾಗದದ ಮೇಲೆ ಬರೆದು, ಆ ಕಾಗದವನ್ನು ಮಗುಚಿ, ಹಿಂಬದಿಯಿಂದ ಕಾಣುವ ಗೆರೆಯನ್ನು ಹಲಗೆಗೆ ಇಳಿಸಿಕೊಳ್ಳಬೇಕಿತ್ತು. ಮೊದಲ ಅಚ್ಚಿನಲ್ಲಿ ಈ ತಪ್ಪು ಯಾರಿಗೂ ಕಾಣಲಿಲ್ಲ, ಏಕೆಂದರೆ ಅದು ಯಾರ ಎತ್ತೂ ಆಗಿರಲಿಲ್ಲ. ಎಡ ಯಾವುದು, ಬಲ ಯಾವುದು ಎಂದು ಕೇಳುವವರು ಅದಕ್ಕೆ ಇರಲಿಲ್ಲ. ಬಸವನಾದ ಕೂಡಲೇ ತಪ್ಪು ಎದ್ದು ಕಂಡಿತು.

ಮೂರನೆಯದನ್ನು ಕೆತ್ತಿದೆ. ಅದೇ ಇದು. (ಚಿತ್ರವನ್ನು ಸಭೆಗೆ ತೋರಿಸಿದೆ.) ಬಲಗೊಂಬು ಮೊಂಡು, ಹಿಂದಿನ ಎಡಗಾಲು ಸ್ವಲ್ಪ ಮುಂದೆ. ಹತ್ತಿರ ಬಂದು ನೋಡಿದರೆ ಕುತ್ತಿಗೆಯ ಹತ್ತಿರ ಉಳಿ ಜಾರಿದ ಒಂದು ಗೆರೆ ಇದೆ, ಅದು ಬಸವನದ್ದಲ್ಲ, ನನ್ನದು. ಅಪ್ಪ ಇದನ್ನು ನೋಡಿ ತಪ್ಪು ಹೇಳಲಿಲ್ಲ. ಒಂದು ಮಾತು ಕೇಳಿದರು: "ರಾಜ ಎಲ್ಲಿ? ಎತ್ತನ್ನ ಒಂಟಿ ಕಟ್ಟಬಾರದು ಕಣಪ್ಪಾ."

ಈಗ ರಾಜನನ್ನು ಕೆತ್ತುತ್ತಿದ್ದೇನೆ. ತಿಂಗಳಿಗೆ ಎರಡು ಶನಿವಾರ ಊರಿಗೆ ಬಂದು ಜಗುಲಿಯ ಮೇಲೆ ಕುಳಿತು ಕೆತ್ತುತ್ತೇನೆ. ಅಪ್ಪ ಪಕ್ಕದಲ್ಲಿ ಕುಳಿತು, "ಅಲ್ಲಿ ಅಷ್ಟು ತೆಗೀಬೇಡ, ಅವನ ಹಿಣಿಲು ಬಸವನಿಗಿಂತ ದಪ್ಪ" ಎನ್ನುತ್ತಾರೆ. ಮಗಳು ಸಿಬಿರು ಗುಡಿಸಿ ಡಬ್ಬಿಗೆ ತುಂಬುತ್ತಾಳೆ. ಬೇರೆ ಮಾತೂ ಬರುತ್ತದೆ. ಜೋಡಿ ಮಾರಿದ ಮೇಲೆ ಒಂದು ತಿಂಗಳು ಅಪ್ಪ ಬೆಳಗಿನ ಜಾವ ಎದ್ದು ಕೊಟ್ಟಿಗೆಗೆ ಹೋಗಿ, ಸುಮ್ಮನೆ ನಿಂತು, ವಾಪಸ್ಸು ಬರುತ್ತಿದ್ದರಂತೆ. ಇದನ್ನು ಅಮ್ಮ ಹೇಳಿದ್ದು, ಈ ಜಗುಲಿಯ ಮೇಲೆ, ಹೋದ ತಿಂಗಳು. ಹದಿನೆಂಟು ವರ್ಷ ನಮ್ಮ ಮನೆಯಲ್ಲಿ ಆ ಜೋಡಿಯ ಮಾತನ್ನು ಯಾರೂ ಎತ್ತಿರಲಿಲ್ಲ. ನಾನು ಬೇಜಾರು ಮಾಡಿಕೊಳ್ಳುತ್ತೇನೆಂದು ಅವರು, ಅವರು ಬೇಜಾರು ಮಾಡಿಕೊಳ್ಳುತ್ತಾರೆಂದು ನಾನು.

ಈಗ ಶಾಲೆಯ ವಿಷಯಕ್ಕೆ ಬರುತ್ತೇನೆ ಎಂದಿದ್ದೆನಲ್ಲ. ಈ ಶಾಲೆಗೆ ಐವತ್ತು ವರ್ಷ. ಇಲ್ಲಿ ಓದಿದ ನಮ್ಮಲ್ಲಿ ಬಹಳಷ್ಟು ಜನರ ಫೀಸು, ಯೂನಿಫಾರಂ, ಬಸ್ ಪಾಸು ಒಂದಲ್ಲ ಒಂದು ಪ್ರಾಣಿಯ ಬೆನ್ನ ಮೇಲೆ ಬಂದದ್ದು. ಒಬ್ಬರಿಗೆ ಹಾಲು ಕೊಡುವ ಹಸು, ಒಬ್ಬರಿಗೆ ಎರಡು ಕುರಿ, ಒಬ್ಬರಿಗೆ ಅಜ್ಜಿಯ ಕೋಳಿ. ಶಾಲೆಯ ದಾಖಲೆಯಲ್ಲಿ ಅವುಗಳ ಹೆಸರಿಲ್ಲ. ಹೆಚ್ಚಿನವುಗಳ ಫೋಟೋವೂ ಇಲ್ಲ. ಅವು ಹೇಗಿದ್ದವು ಎಂದು ಗೊತ್ತಿರುವವರು ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ, ಬೇವಿನ ಮರದ ನೆರಳಿನಲ್ಲಿ ಕುಳಿತಿದ್ದಾರೆ. ಅವರನ್ನು ಕೇಳಿ. ನನ್ನ ಹಾಗೆ ಇಪ್ಪತ್ತು ವರ್ಷ ತಡ ಮಾಡಬೇಡಿ.

ನಮ್ಮ ತಂಡದ ಗೆಳೆಯರೆಲ್ಲ ಸೇರಿ ಡ್ರಾಯಿಂಗ್ ಕೊಠಡಿಗೆ ಮೂವತ್ತು ಲಿನೋ ಹಾಳೆ, ಹತ್ತು ಜೊತೆ ಉಳಿ, ನಾಲ್ಕು ರೋಲರ್, ಶಾಯಿ ತಂದಿದ್ದೇವೆ. ಮುಖ್ಯೋಪಾಧ್ಯಾಯರು ಒಪ್ಪಿದರೆ, ಊರಿಗೆ ಬರುವ ಶನಿವಾರಗಳಲ್ಲಿ ಒಂದು ಗಂಟೆ ನಾನೂ ಮಕ್ಕಳ ಜೊತೆ ಕೂರುತ್ತೇನೆ. ಕಲಿಸುವಷ್ಟು ನನಗೆ ಬರುವುದಿಲ್ಲ, ಬೆರಳು ಕೊಯ್ದುಕೊಳ್ಳದ ಹಾಗೆ ನೋಡಿಕೊಳ್ಳಬಲ್ಲೆ.

ಮಕ್ಕಳೇ, ನಿಮಗೆ ಮೊದಲ ಕೆಲಸ ಇವತ್ತೇ ಕೊಡುತ್ತೇನೆ. ಮನೆಗೆ ಹೋಗಿ, ಮೊಬೈಲ್ ಒಳಗಿಟ್ಟು, ನಿಮ್ಮ ಮನೆಯ ಹಸುವನ್ನೋ ಮೇಕೆಯನ್ನೋ ನಾಯಿಯನ್ನೋ ಎದುರಿಗೆ ಕುಳಿತು ಅರ್ಧ ಗಂಟೆ ನೋಡಿ. ಕಿವಿ ಯಾವ ಕಡೆ, ಮಚ್ಚೆ ಎಲ್ಲಿ, ನಿಂತಾಗ ಯಾವ ಕಾಲು ಮುಂದೆ. ಬರೆದುಕೊಂಡು ಬನ್ನಿ. ಬರೆದದ್ದನ್ನು ಮೊದಲು ಮನೆಯಲ್ಲಿ ಅದನ್ನು ಸಾಕಿದವರಿಗೆ ತೋರಿಸಿ. ಅವರು "ಯಾರದಪ್ಪಾ ಇದು?" ಎಂದರೆ ಇನ್ನೊಂದು ಸಲ ನೋಡಿ ಬರೆಯಿರಿ. "ನಮ್ಮದೇ" ಎಂದರೆ ಶನಿವಾರ ತನ್ನಿ, ಮಗುಚಿ ಹಲಗೆಗೆ ಇಳಿಸೋಣ.

ನಮಗೆ ಬೆಂಡೆಕಾಯಿ ತರಿಸಿದ ಡ್ರಾಯಿಂಗ್ ಮೇಷ್ಟ್ರು ಇವತ್ತು ಇಲ್ಲಿಗೆ ಬಂದಿದ್ದಾರೆ. ನಿವೃತ್ತರಾಗಿ ಬಹಳ ವರ್ಷವಾಯಿತು. ಮೇಷ್ಟ್ರೇ, ಬಸವನ ಮೊದಲ ಸರಿಯಾದ ಪ್ರತಿ ಅಪ್ಪನ ಹತ್ತಿರ ಇದೆ, ಎರಡನೇ ಪ್ರತಿ ನಿಮಗೆ. ಮೂರನೆಯದು ಡ್ರಾಯಿಂಗ್ ಕೊಠಡಿಯ ಗೋಡೆಗೆ.

 

(ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು. 2003-04ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡ)